ಇಲಿ ಕಡಿದ ಸ್ಪೀಕರ್

ಒಂದು ಪ್ರಶ್ನೆ ಕೇಳ್ತೀನಿ, ಫೋನ್ ಮುಟ್ಟದೆ ಉತ್ತರ ಹೇಳಬೇಕು. 1981ರಲ್ಲಿ ಬಂದ ‘ಗೀತಾ’ ಸಿನಿಮಾದ ಹಾಡುಗಳು ನಿಮಗೆ ಗೊತ್ತೇ ಇರುತ್ತವೆ. ಶಂಕರ್ ನಾಗ್ ನಟಿಸಿ, ನಿರ್ದೇಶಿಸಿದ್ದು, ಸಂಗೀತ ಇಳಯರಾಜಾ. ಇಷ್ಟನ್ನ ಯಾರು ಬೇಕಾದ್ರೂ ಹೇಳ್ತಾರೆ. ಆ ಹಾಡುಗಳ ಅಡಿಯಲ್ಲಿ ತನ್ನ ಪಾಡಿಗೆ ತಾನು ಓಡಾಡ್ತಾ ಇರುತ್ತಲ್ಲ ಬೇಸ್ ಗಿಟಾರು, ಅದನ್ನ ನುಡಿಸಿದವರು ಯಾರು?

ನಾನು ಹತ್ತು ವರ್ಷದವನಿದ್ದಾಗ ನನಗೆ ಈ ಪ್ರಶ್ನೆ ಕೇಳಿದ್ದು ನಮ್ಮ ಕಾಕಾ. ಗಜೇಂದ್ರಗಡದಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ನಾನು ಜಾಣನ ಹಾಗೆ ಕ್ಯಾಸೆಟ್ ಕವರ್ ತಗೊಂಡು ಓದಿದೆ. ಗಾಯಕರು, ಸಾಹಿತ್ಯ, ಸಂಗೀತ. ಮೂರು ಸಾಲು.

‘ನಾಲ್ಕನೇ ಸಾಲು ಎಲ್ಲೈತಿ, ಹುಡುಕು’ ಅಂದ ಕಾಕಾ.

ಕವರ್ ತಿರುಗಿಸಿದೆ. ಒಳಗಿನ ಮಡಿಕೆ ಬಿಚ್ಚಿದೆ. ಕಂಪನಿಯ ವಿಳಾಸ ಇತ್ತು, ಬೆಲೆ ಇತ್ತು. ಕಾಕಾ ನಕ್ಕು ಸೋಲ್ಡರಿಂಗ್ ಕಡ್ಡಿ ಕೈಗೆ ತಗೊಂಡ. ಅವನು ಆ ಬೇಸನ್ನ ನೂರಾರು ಸಲ ರಿವೈಂಡ್ ಮಾಡಿ ಕೇಳಿ ಕಲ್ತಿದ್ದ. ಟೇಪು ಎಳೆದುಕೊಂಡು ಸ್ವರ ಅರ್ಧ ಇಳಿದಿದ್ದ ಕಾರಣ, ಅವನು ಕಲಿತದ್ದೂ ಅರ್ಧ ಸ್ವರ ಕೆಳಗೇ ಇತ್ತು ಅನ್ನೋದು ಬೇರೆ ಮಾತು.

ಕಾಕಾ ಅಂದ್ರೆ ಅಪ್ಪನ ತಮ್ಮ. ನಮ್ಮದು ನೇಕಾರರ ಮನೆ. ಅಜ್ಜ ಪಟ್ಟೇದ ಅಂಚಿನ ಸೀರೆ ನೇಯ್ತಿದ್ದ. ಅಪ್ಪ ಓದಿ ಮಾಸ್ತರಾದ. ಕಾಕಾ ಮಗ್ಗಕ್ಕೂ ಕೂರಲಿಲ್ಲ, ಪುಸ್ತಕಕ್ಕೂ ಕೂರಲಿಲ್ಲ. ಹಗಲು ರೇಡಿಯೋ, ಟೇಪ್‌ರೆಕಾರ್ಡರ್ ಬಿಚ್ಚೋದು, ಮದುವೆ ಇದ್ದಾಗ ಮೈಕ್ ಸೆಟ್ ಬಾಡಿಗೆ ಕೊಡೋದು, ಜಾತ್ರೆ ಸೀಸನ್ನಲ್ಲಿ ರಾತ್ರಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸೋದು. ಗಿಟಾರು ಗಿವ್ಸನ್. ಅದಕ್ಕೆ ಕರೆಂಟಿನ ಪಿಕಪ್ ಇರಲಿಲ್ಲ, ಕೊಳ್ಳೋಕೆ ದುಡ್ಡೂ ಇರಲಿಲ್ಲ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಸುಟ್ಟುಹೋದ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಸುತ್ತಿ ತಾನೇ ಒಂದು ಪಿಕಪ್ ಮಾಡಿಕೊಂಡಿದ್ದ. ವಿಜ್ಞಾನ ಅಷ್ಟೇ ಅಲ್ವಾ: ಮ್ಯಾಗ್ನೆಟ್ಟಿನ ಮೇಲೆ ಉಕ್ಕಿನ ತಂತಿ ನಡುಗಿದರೆ ಸುತ್ತಿನ ತಾಮ್ರದಲ್ಲಿ ಕರೆಂಟು ಹುಟ್ಟುತ್ತೆ, ಅದನ್ನ ದೊಡ್ಡದು ಮಾಡಿದರೆ ಎಲೆಕ್ಟ್ರಿಕ್ ಗಿಟಾರು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಫ್ಯಾರಡೆ ಬಗ್ಗೆ ಬಾಯಿಪಾಠ ಮಾಡೋ ಹೊತ್ತಿಗೆ, ಫ್ಯಾರಡೆ ನಮ್ಮ ಅಟ್ಟದ ಮೇಲೇ ಇದ್ದ.

ಇನ್ನು ಸ್ಪೀಕರ್ ಕತೆ. ಒಂದು ಮಳೆಗಾಲ ಅಂಗಡಿಯ ಮೂಲೆಯಲ್ಲಿ ಇಟ್ಟಿದ್ದ ಬಾಕ್ಸಿನೊಳಗೆ ಇಲಿ ಸೇರಿಕೊಂಡು, ಸ್ಪೀಕರಿನ ಕಾಗದದ ಕೋನನ್ನ ಅಂಚಿನುದ್ದಕ್ಕೂ ಕಡಿದು ಹಾಕಿತ್ತು. ಬಿಸಾಡೋ ಮುಂಚೆ ಒಂದು ಸಲ ನೋಡೋಣ ಅಂತ ಕಾಕಾ ಅಹುಜಾ ಆಂಪ್ಲಿಫೈಯರಿನ ಮೈಕ್ ತೂತಿಗೆ ಗಿಟಾರ್ ಸಿಕ್ಕಿಸಿ ವಾಲ್ಯೂಮ್ ಪೂರಾ ತಿರುಗಿಸಿದ. ಗರ್ ಅಂತು. ಪಕ್ಕದ ಹಿಟ್ಟಿನ ಗಿರಣಿಯವನು ಬೆಲ್ಟ್ ಕಡಿದೋಯ್ತೇನೋ ಅಂತ ಓಡಿ ಬಂದ. ಕಾಕಾ ಮಾತ್ರ ಕಣ್ಣು ಮುಚ್ಚಿ ಇನ್ನೊಂದು ಸಲ ಬಾರಿಸಿದ. ಆ ಸ್ಪೀಕರನ್ನ ಅವನು ಬಿಸಾಡಲಿಲ್ಲ. ‘ಇದು ಸಿಟ್ಟಿನ ಸ್ಪೀಕರ್ರು, ಪ್ಯಾರ್ ಹಾಡಿಗೆ ಬ್ಯಾಡ’ ಅಂತ ಬೇರೆ ಇಟ್ಟ.

ಇದಾದ ಎಷ್ಟೋ ವರ್ಷದ ಮೇಲೆ, ಬೆಂಗಳೂರಿನ ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಕಿಂಕ್ಸ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ಬಗ್ಗೆ ಓದ್ತಿದ್ದೆ. 1964ರಲ್ಲಿ ಅದರ ಗಿಟಾರಿಸ್ಟ್ ಡೇವ್ ಡೇವಿಸ್, ಆಗ ಹದಿನೇಳರ ಹುಡುಗ, ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರ್ ಕೋನನ್ನ ಬ್ಲೇಡಿನಿಂದ ಸೀಳಿದ. ಆ ಹರಕು ಸದ್ದಿನಲ್ಲೇ ‘ಯು ರಿಯಲಿ ಗಾಟ್ ಮಿ’ ರೆಕಾರ್ಡ್ ಆಯ್ತು. ಇಂಗ್ಲೆಂಡಿನಲ್ಲಿ ನಂಬರ್ ಒನ್. ರಾಕ್ ಇತಿಹಾಸ ಬರೆಯುವವರು ಆ ಬ್ಲೇಡನ್ನ ಬಿಟ್ಟು ಮುಂದೆ ಹೋಗೋದೇ ಇಲ್ಲ. ನಾನು ಹಾಸಿಗೆ ಮೇಲೆ ಎದ್ದು ಕೂತೆ. ಅಲ್ಲಿ ಬ್ಲೇಡು, ಇಲ್ಲಿ ಇಲಿ. ವ್ಯತ್ಯಾಸ ಅಷ್ಟೇ.

ನಾನು ಬೆಂಗಳೂರಿಗೆ ಬಂದದ್ದು ಇಂಜಿನಿಯರಿಂಗ್ ಓದೋಕೆ, ಮನೆಯವರ ಲೆಕ್ಕದಲ್ಲಿ. ನನ್ನ ಲೆಕ್ಕದಲ್ಲಿ ರಾಕ್ ಕೇಳೋಕೆ. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಮೆಸ್ ಬಿಲ್ ಕಟ್ಟಬೇಕಿದ್ದ ದುಡ್ಡಲ್ಲಿ ಟಿಕೆಟ್ ತಗೊಂಡೆ. 2011ರಲ್ಲಿ ಮೆಟಾಲಿಕಾ ಬಂದಾಗ ಕೆಲಸ ಸಿಕ್ಕಿತ್ತು, ಯಾರಿಗೂ ಲೆಕ್ಕ ಕೊಡೋದಿರಲಿಲ್ಲ. ಆದರೆ ಈ ದೊಡ್ಡ ಜಾತ್ರೆಗಳಿಗಿಂತ ನನ್ನನ್ನ ಹಿಡಿದು ನಿಲ್ಲಿಸಿದ್ದು ಬೆಂಗಳೂರಿನವೇ ಬ್ಯಾಂಡುಗಳು.

ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಒಂದಿದೆ. 1996ರಿಂದ ನುಡಿಸ್ತಾ ಇದ್ದಾರೆ. ಹೆಸರಿನ ಹಿಂದೆ ಒಂದು ತಮಾಷೆ ಉಂಟು: ಶುರುವಿನಲ್ಲಿ ಇದ್ದವರ ಲೆಕ್ಕ ಹಾಕಿದರೆ ಮೂರೂಕಾಲು ಮಲಯಾಳಿಗಳಾಗ್ತಿದ್ದರಂತೆ, ‘ಥ್ರೀ ಮಲ್’ ಹೋಗಿ ಥರ್ಮಲ್ ಆಯ್ತು. ತಮ್ಮ ಸಂಗೀತಕ್ಕೆ ಅವರಿಟ್ಟ ಹೆಸರು ‘ಬೆಂಗಳೂರು ರಾಕ್’. ಗಿಟಾರಿನ ಬ್ರೂಸ್ ಲೀ ಮಣಿ ಅವರ ಕೈಬೆರಳು ನೋಡಿದ ರಾತ್ರಿ ನಾನು ರೂಮಿಗೆ ಬಂದು ಗಿಟಾರನ್ನ ಚೀಲದಿಂದ ತೆಗೀಲೇ ಇಲ್ಲ, ನಾಚಿಕೆಯಾಗಿ. ಕ್ರಿಪ್ಟೋಸ್ ಇದೆ, 1998ರಲ್ಲಿ ಶುರುವಾದ ಹೆವಿ ಮೆಟಲ್ ಬ್ಯಾಂಡು. 2013ರಲ್ಲಿ ಜರ್ಮನಿಯ ವಾಕನ್‌ನಲ್ಲಿ ನುಡಿಸಿ ಬಂದರು. ವಾಕನ್ ಅಂದ್ರೆ ಸುಮಾರು 2,000 ಜನರ ಒಂದು ಹಳ್ಳಿ. ವರ್ಷಕ್ಕೊಮ್ಮೆ ಅಲ್ಲಿನ ಹೊಲಗಳಿಗೆ ಹತ್ತಾರು ಸಾವಿರ ಜನ ಬಂದು ಡೇರೆ ಹೊಡೀತಾರೆ, ಕೆಸರಲ್ಲಿ ಕುಣೀತಾರೆ. ನಮ್ಮ ಕಡೆಯವರಿಗೆ ವಿವರಿಸೋದು ಸುಲಭ: ಜಾತ್ರೆ, ಆದರೆ ದೇವರು ಆಂಪ್ಲಿಫೈಯರು. ನಮ್ಮ ರಾಜಧಾನಿಯ ಹುಡುಗರು ಆ ಜಾತ್ರೆಯ ಕಟ್ಟೆ ಹತ್ತಿ ಬಂದದ್ದನ್ನ ನಾನು ಯಾವ ಕನ್ನಡ ಪತ್ರಿಕೆಯಲ್ಲೂ ಓದಿದ ನೆನಪಿಲ್ಲ.

ಇನ್ನೊಂದು ಹೇಳ್ತೀನಿ. ‘ಸಂಸ್ಕಾರ’ದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅವರನ್ನ ಕನ್ನಡಿಗರು ಮರೆತಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಹೋದರು. ಸಿನಿಮಾ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ಅವರ ಹೆಸರೂ ಗೊತ್ತು. ಅವರ ಮಗ ಕೋನಾರ್ಕ್ ರೆಡ್ಡಿ ಈ ಊರಿನ ಗಿಟಾರ್ ವಾದಕ ಅನ್ನೋದು? ‘ಸಂಸ್ಕಾರ’ದ ಬಗ್ಗೆ ಎರಡು ಗಂಟೆ ಮಾತಾಡಬಲ್ಲ ನನ್ನ ಇಬ್ಬರು ಗೆಳೆಯರನ್ನ ಕೇಳಿದೆ. ಇಬ್ಬರೂ ಹೌದಾ ಅಂದರು.

ನನ್ನ ಅನುಮಾನ ಇಷ್ಟು. ಬೆಂಗಳೂರಿನ ಬ್ಯಾಂಡುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹಾಡಿದವು, ಹಾಗಾಗಿ ಕನ್ನಡದವರಿಗೆ ಅವರು ನಮ್ಮವರು ಅನಿಸಲಿಲ್ಲ. ಕನ್ನಡದಲ್ಲಿ ಗಿಟಾರ್ ಹಿಡಿದವರು ಆರ್ಕೆಸ್ಟ್ರಾದಲ್ಲಿದ್ದರು, ಮದುವೆ ಮಂಟಪದಲ್ಲಿದ್ದರು. ಇಂಗ್ಲಿಷ್ ಪತ್ರಿಕೆಯವರಿಗೆ ಅದು ರಾಕ್ ಅನಿಸಲಿಲ್ಲ. ಇಬ್ಬರ ನಡುವಿನ ಸಂದಿಯಲ್ಲಿ ಎಷ್ಟು ಜನ ಬಿದ್ದುಹೋದರೋ. ರಘು ದೀಕ್ಷಿತ್ ಬಂದಾಗ ಆ ಸಂದಿ ಒಂದಿಷ್ಟು ಮುಚ್ಚಿತು ನಿಜ. 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದ ಇತ್ತು, ಸೋರುವ ಮಾಳಿಗೆಯ ಪದ ಇತ್ತು. ಸಿ. ಅಶ್ವತ್ಥ್ ಬಾಯಲ್ಲಿ ಕೇಳಿದ್ದ ಶರೀಫರು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಕೂತು ಬಂದರು, ಗ್ಲಾಸ್ಟನ್‌ಬರಿವರೆಗೆ ಹೋದರು. ಶರೀಫರು ನಮ್ಮ ಶಿಗ್ಗಾಂವಿ ಕಡೆಯವರು, ಗಿಟಾರು ಮಾತ್ರ ಮೈಸೂರಿಂದ ಬರಬೇಕಾಯ್ತು ಅಂತ ಕಾಕಾ ಹೊಟ್ಟೆಕಿಚ್ಚು ಪಟ್ಟದ್ದುಂಟು. ಆದರೆ ಅದೇ ಬ್ಯಾಂಡಿನಲ್ಲಿ ಬೇಸ್ ಹಿಡಿದಿದ್ದ ಗೌರವ್ ವಾಜ್, ಲೀಡ್ ಗಿಟಾರಿನ ವಿಜಯ್ ಜೋಸೆಫ್ ಇವರ ಹೆಸರನ್ನ ಆ ಹಾಡಿಗೆ ಕುಣಿದ ಎಷ್ಟು ಜನ ಹೇಳಿಯಾರು? ಹಾಡುವವನು ಮುಂದೆ ನಿಂತಿರ್ತಾನೆ, ಬೆಳಕು ಅಲ್ಲೇ ಬೀಳುತ್ತೆ. ನಾನೂ ಅಲ್ಲೇ ನೋಡಿದವನು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು ಅಂತ ಈಗ ಹೇಳ್ತೀನಿ.

ನಮ್ಮ ಆಫೀಸಿನಲ್ಲಿ ಪ್ರತಿ ನವೆಂಬರ್ ರಾಜ್ಯೋತ್ಸವ ಮಾಡ್ತಾರೆ. ಹಳದಿ ಕೆಂಪು ಶಾಲು, ಹೋಳಿಗೆ ಊಟ, ಆಮೇಲೆ ಸಾಂಸ್ಕೃತಿಕ ಕಾರ್ಯಕ್ರಮ. ಒಂದು ವರ್ಷ ನಾವು ನಾಲ್ಕು ಜನ ಸೇರಿ ಗುಡುಗುಡಿ ಪದವನ್ನೇ ರಾಕ್ ಮಾಡಿ ನುಡಿಸಿದ್ವಿ. ಹಾಡು ಶುರುವಾಗೋ ಮುಂಚೆ ನಲವತ್ತು ಸೆಕೆಂಡು ನಾನೊಬ್ಬನೇ. ಆ ತುಣುಕು ಕಾಕಾನದು. ಚಿಕ್ಕಂದಿನಿಂದ ಅಂಗಡಿಯಲ್ಲಿ ಅವನು ಏನಾದ್ರೂ ಗಿಟಾರ್ ಸರಿ ಮಾಡಿದಾಗ ಪರೀಕ್ಷೆಗೆ ಅಂತ ಬಾರಿಸ್ತಿದ್ದದ್ದು ಅದನ್ನೇ. ಐದೇ ಸ್ವರ. ಒಂದು ಕಡೆ ತಂತಿಯನ್ನ ಮೇಲಕ್ಕೆ ಎಳೆದು, ಅದು ಇನ್ನೇನು ಮುಟ್ಟುತ್ತೆ ಅನ್ನೋವಷ್ಟರಲ್ಲಿ ಕೈಬಿಟ್ಟು ಬಿಡ್ತಾನೆ. ಕೇಳುವವರ ಎದೆ ಒಂದು ಮೆಟ್ಟಿಲು ತಪ್ಪಿದ ಹಾಗಾಗುತ್ತೆ. ನಾನು ಬೆಂಗಳೂರಲ್ಲಿ ದುಡ್ಡು ಕೊಟ್ಟು ಕ್ಲಾಸಿಗೆ ಸೇರಿ ‘ಮೈನರ್ ಪೆಂಟಾಟೋನಿಕ್’ ಕಲಿತು, ರಾಕಿನ ಅರ್ಧ ಬದುಕು ಇದರಲ್ಲೇ ಇದೆ ಕಾಕಾ ಅಂತ ಫೋನಿನಲ್ಲಿ ನುಡಿಸಿ ತೋರಿಸಿದ್ದೆ. ಅವನು ಪೂರಾ ಕೇಳಿ, ‘ಸಾ, ಕೋಮಲ ಗಂಧಾರ, ಮ, ಪ, ಕೋಮಲ ನಿಷಾದ. ಧಾನಿ ಅಲ್ಲೇನಲೇ ಇದು? ಭಜನಿ ಮಾಸ್ತರ ಪೆಟಗಿ ಮ್ಯಾಲೆ ಕಲಿಸಿದ್ರು. ನಿನ್ನ ಕಡೆ ಎಷ್ಟ್ ರೊಕ್ಕ ಇಸ್ಕೊಂಡ್ರು?’ ಅಂದಿದ್ದ.

ಕಾರ್ಯಕ್ರಮ ಮುಗೀತು. ಚಪ್ಪಾಳೆ ಬಿತ್ತು, ಒನ್ಸ್ ಮೋರ್ ಅಂದ್ರು. ನಿರೂಪಣೆ ಮಾಡ್ತಿದ್ದ ಹುಡುಗಿ ಮೈಕ್ ತಂದು ನನ್ನ ಮುಂದೆ ಹಿಡಿದು, ‘ಆ ಇಂಟ್ರೋ ಇದೆಯಲ್ಲ, ಅಬ್ಬಾ! ಯಾರು ಕಂಪೋಸ್ ಮಾಡಿದ್ದು ಸರ್?’ ಅಂತ ಕೇಳಿದಳು.

ನಾನು ಅಂದೆ, ‘ಹಾಗೇ ಸುಮ್ನೆ, ಜ್ಯಾಮ್ ಮಾಡ್ತಾ ಮಾಡ್ತಾ ಬಂತು.’

ಇದು ಸುಳ್ಳು ಅಂತ ಹೇಳುವಾಗಲೇ ಗೊತ್ತಿತ್ತು. ಎದುರಿಗೆ ನಮ್ಮ ಮ್ಯಾನೇಜರು ಕೂತಿದ್ರು, ಹೊಸದಾಗಿ ಸೇರಿದ್ದ ಒಂದಿಬ್ಬರು ಹುಡುಗೀರು ನೋಡ್ತಿದ್ರು. ಗಜೇಂದ್ರಗಡ, ರೇಡಿಯೋ ಅಂಗಡಿ, ಕಾಕಾ ಅಂತ ಅಷ್ಟುದ್ದ ಯಾರು ಹೇಳ್ತಾರೆ ಅನಿಸ್ತು. ಉದ್ದ ಏನಿಲ್ಲ, ‘ನಮ್ಮ ಕಾಕಾನದು’ ಅಂದ್ರೆ ಎರಡು ಪದ.

ವಿಡಿಯೋ ಮರುದಿನ ತಂಗಿಯ ಮೂಲಕ ಮನೆಯ ವಾಟ್ಸಾಪ್ ಗುಂಪಿಗೆ ಹೋಯ್ತು. ನನ್ನ ಮಾತೂ ಅದರಲ್ಲಿತ್ತು. ಅತ್ತೆಯರು ಹೂವು ಕಳಿಸಿದ್ರು, ಅಪ್ಪ ಹೆಬ್ಬೆರಳು. ಕಾಕಾ ಎರಡು ದಿನ ಸುಮ್ಮನಿದ್ದು, ಆಮೇಲೆ ನನಗೊಬ್ಬನಿಗೇ ಒಂದು ಧ್ವನಿ ಸಂದೇಶ ಕಳಿಸಿದ. ‘ಭಾಳ ಚಲೋ ನುಡಿಸಿದಿ ತಮ್ಮಾ. ಎರಡನೇ ತಂತಿ ಸ್ವಲ್ಪ ಇಳದಿತ್ತು ನೋಡ. ಸ್ಟೇಜ್ ಹತ್ತೂ ಮುಂದ ಒಮ್ಮೆ ನೋಡ್ಕೋಬೇಕು.’

ಅಷ್ಟೇ. ಆ ಹದಿನಾಲ್ಕು ಸೆಕೆಂಡನ್ನ ನಾನು ಎಷ್ಟು ಸಲ ಕೇಳಿದೀನೋ. ಅದರಲ್ಲಿ ಎಲ್ಲಾದ್ರೂ ಬೇಜಾರು ಇದೆಯಾ, ಅಣಕ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಎರಡನೇ ತಂತಿ ಇಳಿದಿದ್ದದ್ದು ಮಾತ್ರ ನಿಜ.

ಹೋಗಿ ಮಾತಾಡಬೇಕು ಅಂತ ಅಂದ್ಕೊಂಡು ಒಂದೂವರೆ ವರ್ಷ ಕಳೆದೆ. ಕಡೆಗೆ ಹೋದ ಜನವರಿಯಲ್ಲಿ ರಾತ್ರಿ ರೈಲು ಹತ್ತಿ ಹುಬ್ಬಳ್ಳಿಗೆ ಇಳಿದು, ನವಲಗುಂದ, ನರಗುಂದ, ರೋಣ ಅಂತ ಬಸ್ಸು ಬದಲಾಯಿಸ್ತಾ ಹೊರಟೆ. ಗದಗಿನ ಮೇಲೆ ಹೋದರೆ ಬೇಗ ಆಗುತ್ತೆ. ಬೇಗ ಆಗೋದು ನನಗೆ ಬೇಕಿರಲಿಲ್ಲ.

ಆ ಕಾಲದಲ್ಲಿ ಎರಡೂ ಕಡೆ ಎರೆ ಹೊಲ, ಕಡಲೆ ಹಸಿರು, ನಡುನಡುವೆ ಒಣಗಿದ ಸೂರ್ಯಕಾಂತಿ. ನರಗುಂದದ ಬಸ್‌ಸ್ಟ್ಯಾಂಡಲ್ಲಿ ಮಿರ್ಚಿ ತಿಂತಾ ಗುಡ್ಡ ನೋಡ್ತಾ ಕೂತೆ. ಸಿಟ್ಟಿಗೆ ಹೆಸರಾದ ಊರು ಅದು. 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ಮೇಲೆ ತಿರುಗಿ ಬಿದ್ದದ್ದು ಅಲ್ಲಿಂದ. 1980ರ ಜುಲೈ 21ರಂದು ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಎದ್ದಾಗ ಗುಂಡು ಹಾರಿದ್ದು ಅಲ್ಲೂ ಪಕ್ಕದ ನವಲಗುಂದದಲ್ಲೂ. 2015ರಲ್ಲಿ ಮಹದಾಯಿಗೋಸ್ಕರ ಶುರುವಾದ ಧರಣಿ ಎಷ್ಟು ಕಾಲ ನಡೀತು ಅಂದ್ರೆ, ಆ ಪೆಂಡಾಲು ಊರಿನ ಒಂದು ವಿಳಾಸವೇ ಆಗಿಹೋಯ್ತು. ರಾಕ್ ಹುಟ್ಟೋಕೆ ಏನು ಬೇಕು ಅಂತ ಪುಸ್ತಕದಲ್ಲಿ ಬರೀತಾರೋ ಅದೆಲ್ಲ ನರಗುಂದದಲ್ಲಿ ಇತ್ತು. ಬೆಂಗಳೂರಿನ ಸ್ವರಾತ್ಮ ಬ್ಯಾಂಡು ಕಾವೇರಿ ಜಗಳದ ಮೇಲೆ ‘ಪ್ಯಾಸಿ’ ಅಂತ ಒಂದು ಹಾಡು ಮಾಡಿದೆ, ನದಿಯ ಬಾಯಾರಿಕೆಯ ಹಾಡು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡೋದು, ಬೇಸ್ ಜಿಷ್ಣು ದಾಸ್‌ಗುಪ್ತಾ. ಹಿಂದಿಯಲ್ಲಿದೆ. ಆ ಹಾಡನ್ನ ಇಯರ್‌ಫೋನಿನಲ್ಲಿ ಹಾಕ್ಕೊಂಡು, ಮಹದಾಯಿಗೆ ಅಂಥದ್ದೊಂದನ್ನ ನಮ್ಮ ಭಾಷೆಯಲ್ಲಿ ಯಾರು ಮಾಡ್ತಿದ್ರು ಅಂತ ಯೋಚಿಸಿದೆ. ಕಾಕಾನ ಸಿಟ್ಟಿನ ಸ್ಪೀಕರ್ ನೆನಪಾಯ್ತು.

ರೋಣ. 1922ರ ಫೆಬ್ರುವರಿಯಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ ಊರು. ಹನ್ನೊಂದರ ಹುಡುಗ, ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡ್ ಕೇಳಿ ಹುಚ್ಚು ಹಿಡಿದು, ಗುರುವನ್ನ ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ಕತೆ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ದೇಶ ಸುತ್ತಿ ವಾಪಸು ಬಂದು ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕೈಯಲ್ಲಿ ಕಲಿತು, 2008ರಲ್ಲಿ ಭಾರತರತ್ನ. ನಾನು ಈ ಕತೆಯನ್ನ ಬೇರೆ ಥರ ನೋಡ್ತೀನಿ. ಒಂದು ಅಂಗಡಿಯಲ್ಲಿ ಒಂದು ರೆಕಾರ್ಡ್ ಹಾಡ್ತಿತ್ತು, ಒಬ್ಬ ಹುಡುಗ ನಿಂತು ಕೇಳಿದ. ನಮ್ಮ ಕಾಕಾನೂ ಹಾಗೇ ನಿಂತವನು. ಒಬ್ಬನಿಗೆ ಹೋಗೋಕೆ ಒಂದು ಕುಂದಗೋಳ ಇತ್ತು. ಎಲೆಕ್ಟ್ರಿಕ್ ಗಿಟಾರಿಗೆ ಯಾವ ಕುಂದಗೋಳ? (ಇನ್ನೂ ಒಂದು: ಭೀಮಸೇನರ ಹಿಂದೆ ಹಾರ್ಮೋನಿಯಂ ಹಿಡಿದು ಎಷ್ಟೋ ವರ್ಷ ಕೂತ ಪುರುಷೋತ್ತಮ ವಾಲಾವಲ್ಕರ್, ತಬಲಾದ ನಾನಾ ಮುಳೆ ಇವರ ಹೆಸರು ಆ ಸಂಗೀತದವರಿಗೆ ಗೊತ್ತಿರುತ್ತೆ. ಅವರು ಸಾಥಿದಾರರ ಹೆಸರನ್ನ ಕಛೇರಿಯಲ್ಲೇ ಹೇಳ್ತಾರೆ. ಆ ಪದ್ಧತಿ ನಾವು ರಾಕಿನವರೂ ಕಲೀಬಹುದಿತ್ತು.)

ರೋಣದ ಹತ್ತಿರದ ಒಂದು ಊರಿನ ಜಾತ್ರೆಯಲ್ಲೇ ಕಾಕಾ ಕೊನೇ ಸಲ ಸ್ಟೇಜ್ ಹತ್ತಿದ್ದು. ಇದನ್ನ ನನಗೆ ಹೇಳಿದ್ದು ಅವನಲ್ಲ, ಕಾಕು. ಆಗೀಗ ಆರ್ಕೆಸ್ಟ್ರಾಗಳಿಗೆ ‘ಟ್ರ್ಯಾಕ್’ ಬಂದಿತ್ತು. ವಾದ್ಯ ಎಲ್ಲ ಮೊದಲೇ ತುಂಬಿರೋ ಪೆನ್‌ಡ್ರೈವು, ಅದರ ಮೇಲೆ ಗಾಯಕರು ಹಾಡಿದರೆ ಮುಗೀತು. ಮೊದಲು ತಬಲಾದವನು ಹೋದ, ಆಮೇಲೆ ಕೊಳಲು. ರಿದಂ ಪ್ಯಾಡಿನವನು ಸ್ವಲ್ಪ ದಿನ ತಡೆದ. ಆ ರಾತ್ರಿ ಕಾಕಾನಿಗೆ, ನೀವು ಗಿಟಾರ್ ಹಾಕ್ಕೊಂಡು ನಿಲ್ರಿ ಸಾಕು, ಟ್ರ್ಯಾಕಿನಾಗ ಗಿಟಾರ್ ಐತಿ, ಸ್ಟೇಜ್ ತುಂಬಿದಂಗ ಕಾಣ್ತದ ಅಂದ್ರಂತೆ. ವೈರ್ ಸಿಕ್ಕಿಸದ ಗಿಟಾರನ್ನ ಕೊರಳಿಗೆ ಹಾಕ್ಕೊಂಡು ಕಾಕಾ ಮೂರು ತಾಸು ನಿಂತಿದ್ದ. ಬೆರಳು ಮಾತ್ರ ಸರಿಯಾದ ಜಾಗದಲ್ಲೇ ಇಟ್ಟಿದ್ದನಂತೆ, ಪ್ರತಿ ಹಾಡಿಗೂ. ಮುಂಜಾನೆ ಮನೆಗೆ ಬಂದು ಗಿಟಾರನ್ನ ಅಟ್ಟಕ್ಕೆ ಹಾಕಿದ. ಪಗಾರ ಕಡಿಮೆ ಕೊಟ್ಟಿರಲಿಲ್ಲ, ಅದನ್ನೂ ಕಾಕುನೇ ಹೇಳಿದ್ದು.

ಗಜೇಂದ್ರಗಡ ಮುಟ್ಟಿದಾಗ ಸಂಜೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗ್ತಿದ್ವು. ಕಾಕಾನ ಅಂಗಡಿ ಈಗ ಮೊಬೈಲ್ ರಿಪೇರಿ, ಮಗ ನೋಡ್ಕೋತಾನೆ. ಊಟ ಆದ ಮೇಲೆ ಮಾಳಿಗೆ ಮೇಲೆ ಕೂತ್ವಿ. ನಾನು ಬೆಂಗಳೂರಿಂದ ನನ್ನ ಗಿಟಾರು, ಸಣ್ಣ ಆಂಪ್ಲಿಫೈಯರು ತಂದಿದ್ದೆ. ಆದರೆ ಮೊದಲು ಹೇಳಬೇಕಾದ್ದನ್ನ ಹೇಳಿಬಿಟ್ಟೆ, ಒಂದೇ ಉಸಿರಿಗೆ.

‘ಕಾಕಾ, ಅವತ್ತ ಆಫೀಸ್ನ್ಯಾಗ ಅದು ನಿಂದು ಅಂತ ಹೇಳಬೇಕಿತ್ತು. ಹೇಳ್ಲಿಲ್ಲ.’

ಕಾಕಾ ಅಡಿಕೆ ಕತ್ತರಿಸ್ತಾ ಇದ್ದವನು ತಲೆ ಎತ್ತಲಿಲ್ಲ. ‘ಅದು ನಂದಲ್ಲಲೇ’ ಅಂದ.

ಆಮೇಲೆ ಹೇಳಿದ. ಅವನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಮೊಹರಂಗೆ ರಿವಾಯತ ಪದ ಹಾಡೋರು ಇದ್ರು. ಹೆಜ್ಜೆ ಮೇಳ, ಹಲಗೆ, ರಾತ್ರಿಯಿಡೀ ಅಲಾವಿ ಸುತ್ತ ಕುಣಿತ. ಹಾಡೋರಲ್ಲಿ ಒಬ್ಬ, ಒಂದು ನುಡಿ ಮುಗಿದು ಇನ್ನೊಂದು ಶುರುವಾಗೋ ನಡುವೆ, ಪದ ಇಲ್ಲದೆ ಬರೀ ದನಿ ಎಳೀತಿದ್ದ. ಮೇಲೆ ಹೋಗಿ, ಮುಟ್ಟದೆ, ಬಿಟ್ಟು ಬಿಡ್ತಿದ್ದ. ‘ಅದನ್ನ ನಾ ತಂತಿ ಮ್ಯಾಲೆ ಹಚ್ಚೀನಿ, ಅಷ್ಟ.’

ನಿಜ ಹೇಳ್ತೀನಿ, ಇದನ್ನ ಕೇಳಿ ನನಗೆ ಹಗುರಾಯ್ತು. ನನ್ನ ಸುಳ್ಳು ಅರ್ಧ ಆದ ಹಾಗೆ. ಕಾಕಾನದೂ ಅಲ್ಲ ಅಂದಮೇಲೆ ಕದ್ದದ್ದು ಯಾರದು? ಎಲ್ಲರದೂ ಎಲ್ಲಿಂದಲೋ ಬಂದದ್ದೇ ಅಲ್ವಾ ಅಂತ ಏನೋ ದೊಡ್ಡ ಮಾತು ನಾಲಿಗೆ ತುದಿಗೆ ಬಂದಿತ್ತು. ಕಾಕಾ ಅಡಿಕೆ ಬಾಯಿಗೆ ಹಾಕ್ಕೊಂಡು ಒಂದಿಷ್ಟು ಹೊತ್ತು ಅಗಿದ.

‘ಆದ್ರೂ ನೀ ಹೇಳಬೇಕಾಗಿತ್ತು ಬಿಡು’ ಅಂದ. ‘ನನಗ ಅಂವನ ಹೆಸರು ಗೊತ್ತೈತಿ. ಯಾರರ ಕೇಳಿದ್ರ ಹೇಳ್ತೀನಿ. ಇಲ್ಲೀತನಕ ಯಾರೂ ಕೇಳಿಲ್ಲ, ಅದು ಬ್ಯಾರೆ. ನಿನ್ನ ಅವರು ಕೇಳಿದ್ರಲ್ಲ.’

ನಾನು ಸುಮ್ಮನೆ ಕೂತೆ. ಕೆಳಗಿನ ಮನೆಯಲ್ಲಿ ಯಾರದೋ ಮಗ್ಗ ಇನ್ನೂ ನಡೀತಿತ್ತು.

ಸ್ವಲ್ಪ ಹೊತ್ತಿಗೆ ಅವನೇ ನನ್ನ ಗಿಟಾರ್ ಎಳಕೊಂಡ. ತಿರುಗಿಸಿ ಮುರುಗಿಸಿ ನೋಡಿದ, ಬೆಲೆ ಕೇಳಿದ, ಕೇಳಿ ಒಂದು ಬೈಗುಳ ಬೈದ. ನನ್ನ ಆಂಪ್ಲಿಫೈಯರಿನ ಡಿಸ್ಟಾರ್ಷನ್ ಗುಂಡಿ ಒತ್ತಿ ಬಾರಿಸಿದ. ‘ಇದು ಭಾಳ ಸಾಪ್ ಐತಿ’ ಅಂದು ಮಗನನ್ನ ಕೂಗಿದ. ಅಟ್ಟದಿಂದ ಧೂಳು ತುಂಬಿದ ಬಾಕ್ಸು ಇಳಿದು ಬಂತು. ಇಲಿ ಕಡಿದ ಸ್ಪೀಕರನ್ನ ಇಷ್ಟು ವರ್ಷ ಆದ ಮೇಲೂ ಇಟ್ಟಿದ್ದ. ಕೋನು ಇನ್ನಷ್ಟು ಹರಿದಿತ್ತು. ವೈರು ಕೆರೆದು ಕಟ್ಟಿ ಹಚ್ಚಿದ. ಮೊದಲ ಸಲ ಬರೀ ಕೆಮ್ಮು. ಎರಡನೇ ಸಲ ಗರ್ ಅಂತು, ಮೂರು ಮನೆ ಆಚೆ ನಾಯಿ ಎದ್ದಿತು.

ಅರ್ಧ ತಾಸು ನುಡಿಸಿದ. ಬೆರಳು ಒಂದೆರಡು ಕಡೆ ಜಾರಿದವು, ತುದಿಯ ಗಟ್ಟಿ ಚರ್ಮ ಹೋಗಿತ್ತು, ನೋವಾದಾಗ ಕೈ ಝಾಡಿಸ್ತಿದ್ದ. ಆದರೆ ಆ ಒಂದು ಜಾಗದಲ್ಲಿ, ಎಳೆದು ಮುಟ್ಟದೆ ಬಿಡೋ ಜಾಗದಲ್ಲಿ, ಒಂದು ಸಲವೂ ತಪ್ಪಲಿಲ್ಲ. ನಾನು ಹದಿನೈದು ವರ್ಷ ಬೆಂಗಳೂರಿನಲ್ಲಿ ಕೇಳಿದ ದೊಡ್ಡ ದೊಡ್ಡ ಕೈಗಳ ಸಾಲಿನಲ್ಲಿ ಇದನ್ನ ಇಡೋಕೆ ನನಗೆ ಯಾವ ಸಂಕೋಚವೂ ಇಲ್ಲ. ಪ್ರೀತಿಯಿಂದ ಹೇಳ್ತಿಲ್ಲ, ಕಿವಿಯಿಂದ ಹೇಳ್ತಿದೀನಿ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ‘ನಾ ಇದರ ಬಗ್ಗೆ ಬರೀತೀನಿ ಕಾಕಾ, ನಿನ್ನ ಹೆಸರು ಹಾಕಿ’ ಅಂದೆ.

‘ಬರಿಯೋದ್ರಾಗ ಬ್ಯಾಡ’ ಅಂದ. ‘ಬರದ್ರ ಕತಿ ಆಗ್ತೈತಿ, ಪಾಪ ಕಾಕಾ ಅಂತಾರ ಮಂದಿ. ಹಾಡಿನ ಕೆಳಗ ಹಾಕು. ಅಂವಂದೂ ಹಾಕು.’

ಅದಕ್ಕೇ ಇಲ್ಲಿ ಹೆಸರಿಲ್ಲ.

ಫೈಲಿಗೆ ಹೆಸರು ಕೊಡೋ ಜಾಗದಲ್ಲಿ ಎರಡೂ ಹೆಸರು ಟೈಪ್ ಮಾಡಿದೆ. ಮೊದಲು ರಿವಾಯತ ಹಾಡಿದವರದು, ಆಮೇಲೆ ಗಿಟಾರ್ ಅಂತ ಬರೆದು ಕಾಕಾನದು. ಕಾಕಾ ಕನ್ನಡಕ ತರಿಸಿ ಹಾಕ್ಕೊಂಡು, ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು, ಅಕ್ಷರ ಅಕ್ಷರ ಓದಿದ.

‘ಇನಿಶಿಯಲ್ ತಪ್ಪೈತಿ ನೋಡ’ ಅಂತ ಫೋನ್ ವಾಪಸ್ ಕೊಟ್ಟ. ತಿದ್ದಿದೆ.